ಸತ್ಯವೇದದಲ್ಲಿ ಮತ್ತೆ ಮತ್ತೆ ಬರುವ ಮಾತು: ಹೆಜ್ಜೆ ಹೆಜ್ಜೆಯಾಗಿ ಓದುವ ಕ್ರಮ

ಬಳ್ಳಾರಿಯ ಕೌಲ್ ಬಜಾರಿನ ಒಂದು ಮನೆಯ ಮಾಳಿಗೆಯ ಮೇಲೆ ಗುರುವಾರ ಸಂಜೆ ನಾವು ಏಳೆಂಟು ಜನ ಸೇರಿ ಸತ್ಯವೇದ, ಅಂದರೆ ಬೈಬಲು, ಓದುತ್ತೇವೆ. ಕೆಲವರ ಕೈಯಲ್ಲಿ ಕನ್ನಡದ್ದು, ಕೆಲವರ ಕೈಯಲ್ಲಿ ತೆಲುಗಿನದು. ಈ ಊರಿನಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಒಂದು ದಿನ ಆದಿಕಾಂಡದ 4ನೆಯ ಅಧ್ಯಾಯ, ಕಾಯಿನ ತನ್ನ ತಮ್ಮ ಹೇಬೆಲನನ್ನು ಕೊಂದ ಕಥೆ, ನಡೆದಿತ್ತು. ಜೀನ್ಸ್ ಘಟಕದಲ್ಲಿ ಚೆಕಿಂಗ್ ಕೆಲಸ ಮಾಡುವ ಹುಡುಗ ತಲೆಯೆತ್ತಿ, “ಅಣ್ಣಾ, ಇಲ್ಲಿ ‘ತಮ್ಮ, ತಮ್ಮ’ ಎಂದು ಯಾಕೆ ಇಷ್ಟು ಸಲ ಬರುತ್ತದೆ? ಹೇಬೆಲ ಎಂದರೆ ಸಾಕಿತ್ತಲ್ಲ?” ಎಂದು ಕೇಳಿದ. ದಿನವಿಡೀ ಪ್ಯಾಂಟುಗಳ ಜೋಡಿ ಹೊಲಿಗೆಯ ಮೇಲೆ ಬೆರಳಾಡಿಸಿ, ದಾರ ಎಲ್ಲಿ ಬಿಟ್ಟಿದೆ ಎಂದು ಹುಡುಕುವ ಕಣ್ಣು ಅವನದು. ನಾನು ಇಪ್ಪತ್ತು ವರ್ಷ ಓದಿಯೂ ಕಾಣದ್ದನ್ನು ಅವನು ಎರಡನೆಯ ಓದಿಗೇ ಕಂಡ. ಅಂದಿನಿಂದ ನಾವು ಓದುವ ಕ್ರಮವೇ ಬದಲಾಯಿತು. ಆ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲೇ ಒಂದು ತಕರಾರು ಹೇಳಿಬಿಡುತ್ತೇನೆ. ಮರುಕಳಿಸುವ ಮಾತು ಎಂದ ಕೂಡಲೇ ನಮ್ಮಲ್ಲಿ ಹಲವರು ಬೆರಳು ಮಡಿಚಲು ತೊಡಗುತ್ತಾರೆ: ಏಳು ಸಲ ಬಂದರೆ ಪರಿಪೂರ್ಣತೆ, ಮೂರು ಸಲ ಬಂದರೆ ತಂದೆ, ಮಗ, ಪವಿತ್ರಾತ್ಮ ಒಂದೇ ದೇವರೆಂಬ ತ್ರಿಯೇಕತ್ವ, ಹನ್ನೆರಡಾದರೆ ಇಸ್ರಾಯೇಲಿನ ಕುಲಗಳು. ಹಿಂದೊಮ್ಮೆ ಒಂದು ಕೂಟದಲ್ಲಿ ಒಬ್ಬ ಪ್ರಸಂಗಿಗಳು ಒಂದೂವರೆ ಗಂಟೆ ಬರೀ ಲೆಕ್ಕ ಹೇಳಿದರು. ಮನೆಗೆ ಬಂದಾಗ ಒಂದು ವಚನವೂ ನೆನಪಿನಲ್ಲಿ ಉಳಿದಿರಲಿಲ್ಲ. ಎಣಿಸುವುದು ತಪ್ಪಲ್ಲ, ಆದರೆ ಅದು ಮೊದಲ ಕೆಲಸ, ಕೊನೆಯದಲ್ಲ. ಒಂದು ಮಾತು ಎಷ್ಟು ಸಲ ಬಂತು ಎನ್ನುವುದಕ್ಕಿಂತ ಎಲ್ಲಿ ಬಂತು, ಎಲ್ಲಿ ಬರಬೇಕಾಗಿದ್ದೂ ಬರಲಿಲ್ಲ ಎನ್ನುವುದೇ ಹೆಚ್ಚು ತಿಳಿಸುತ್ತದೆ.

ಬೇಕಾದ ಸಾಮಾನು

ಎರಡು ಅನುವಾದಗಳು, ಸೀಸದ ಕಡ್ಡಿ, ಗೆರೆಯಿಲ್ಲದ ನೋಟುಪುಸ್ತಕ. ಬಣ್ಣದ ಹೈಲೈಟರ್ ಬೇಡ. ಸತ್ಯವೇದದ ಹಾಳೆ ತೆಳು, ಬಣ್ಣ ಹಿಂಬದಿಗೆ ಇಳಿಯುತ್ತದೆ. ಅನುವಾದಗಳಲ್ಲಿ ಒಂದು ಹಳೆಯ ಸತ್ಯವೇದವಾಗಿರಲಿ, ಇನ್ನೊಂದು ಸರಳ ಕನ್ನಡದ್ದೋ ಕಥೋಲಿಕರು ಬಳಸುವುದೋ ಆಗಬಹುದು. ತೆಲುಗು ಬಲ್ಲವರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಮೊಬೈಲಿನ ಆ್ಯಪ್‌ನಲ್ಲಿ ಪದ ಹುಡುಕುವ ಸೌಲಭ್ಯವಿದ್ದರೆ ಇರಲಿ, ಆದರೆ ಅದನ್ನು ಕಡೆಗೆ ತೆರೆಯಿರಿ.

ಈ ಊರಿನಲ್ಲಿ ಕುಳಿತು ಈ ಕೆಲಸ ಮಾಡುವುದರಲ್ಲಿ ನನಗೊಂದು ಖುಷಿಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಇಲ್ಲೇ ನಡೆಯಿತು; 1831ರ ಹೊತ್ತಿಗೆ ಇಡೀ ಗ್ರಂಥ ಅಚ್ಚಾಗಿತ್ತು. ‘ಈ ಮಾತನ್ನು ಎರಡು ಸಲ ಬರೆಯಲೋ, ಒಂದು ಸಲ ಸಾಕೋ’ ಎಂಬ ಪ್ರಶ್ನೆ ಈ ಗುಡ್ಡದ ನೆರಳಿನಲ್ಲಿ ಯಾರನ್ನೋ ಇನ್ನೂರು ವರ್ಷದ ಹಿಂದೆಯೇ ಕಾಡಿರಬೇಕು.

ಮೊದಲ ಹೆಜ್ಜೆ: ಗಟ್ಟಿಯಾಗಿ ಓದಿ

ಕಣ್ಣಿನಲ್ಲಿ ಓದುವಾಗ ಮರುಕಳಿಸುವ ಮಾತನ್ನು ನಾವು ಹಾರಿಸುತ್ತೇವೆ. ‘ಇದು ಗೊತ್ತಿರುವುದೇ’ ಎಂದು ಕಣ್ಣು ಮುಂದೆ ಓಡುತ್ತದೆ. ಕಿವಿ ಹಾಗೆ ಮಾಡಲಾರದು. ಈ ಬರಹಗಳು ಹುಟ್ಟಿದ್ದೇ ಕೇಳುವವರಿಗಾಗಿ: ಪ್ರಕಟನೆ 1:3 ಆಶೀರ್ವಾದ ಹೇಳುವುದು ಓದುವ ಒಬ್ಬನಿಗೆ ಮತ್ತು ಕೇಳುವ ಹಲವರಿಗೆ. ಒಬ್ಬರು ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ಇಷ್ಟೇ.

ಎರಡನೆಯ ಹೆಜ್ಜೆ: ಸುತ್ತು ಹಾಕಿ, ವಚನದ ಸಂಖ್ಯೆ ಬರೆಯಿರಿ

ಹುಡುಗ ಕೇಳಿದ ಆದಿಕಾಂಡ 4ನ್ನೇ ತೆಗೆದುಕೊಳ್ಳೋಣ. ‘ತಮ್ಮ’ ಎಂಬ ಪದ ಬಂದಲ್ಲೆಲ್ಲ ಸುತ್ತು ಹಾಕಿ. ಮೂಲ ಹೀಬ್ರುವಿನಲ್ಲಿ 2ರಿಂದ 11ನೆಯ ವಚನದೊಳಗೆ ಅದು ಏಳು ಸಲ ಬರುತ್ತದೆ. ಈಗ ಏಳನ್ನು ಮರೆತು ಸ್ಥಳಗಳನ್ನು ಮಾತ್ರ ಅಡ್ಡಸಾಲಿನಲ್ಲಿ ಬರೆಯಿರಿ: 2, 8, 8, 9, 9, 10, 11.

ಸಾಲನ್ನು ದಿಟ್ಟಿಸಿ ನೋಡಿ. 2ನೆಯ ವಚನದಲ್ಲಿ ಒಮ್ಮೆ ಬಂದು, 3ರಿಂದ 7ರವರೆಗೆ ಅದರ ಸುಳಿವೇ ಇಲ್ಲ. ಹೊಲದ ಬೆಳೆ, ಹಿಂಡಿನ ಚೊಚ್ಚಲು, ಕಾಣಿಕೆ, ಕಾಯಿನನ ಕೋಪ ಎಲ್ಲವೂ ಅಲ್ಲಿವೆ, ಆದರೆ ಅಲ್ಲಿರುವವರು ಕಾಯಿನ ಮತ್ತು ಹೇಬೆಲ, ಬರೀ ಇಬ್ಬರು ಮನುಷ್ಯರು. 8ನೆಯ ವಚನದಲ್ಲಿ, ಕೈ ಎತ್ತುವ ಹೊತ್ತಿಗೆ, ಆ ಪದ ಒಂದೇ ವಚನದಲ್ಲಿ ಎರಡು ಸಲ ಬರುತ್ತದೆ. ಕಥೆ ಹೇಳುವವನಿಗೆ ‘ಅವನನ್ನು ಕೊಂದನು’ ಎಂದರೆ ಸಾಕಿತ್ತು. ‘ತನ್ನ ತಮ್ಮನಾದ ಹೇಬೆಲನನ್ನು’ ಎನ್ನುತ್ತಾನೆ. ಕೊಲೆಯಾದ ಮೇಲೆ ದೇವರು ಕೇಳುವುದೂ ‘ನಿನ್ನ ತಮ್ಮನಾದ ಹೇಬೆಲನು ಎಲ್ಲಿ?’ ಎಂದೇ. ಕಾಯಿನ ಆ ಪದವನ್ನು ಬಾಯಿಗೆ ತೆಗೆದುಕೊಳ್ಳುವುದು ಒಂದೇ ಸಲ, ಜವಾಬ್ದಾರಿ ಕಳಚಿಕೊಳ್ಳುವುದಕ್ಕೆ.

ಇನ್ನೊಂದನ್ನು ನಮ್ಮ ಅಕ್ಕನೊಬ್ಬರು ಕಂಡುಹಿಡಿದರು. ಹೇಬೆಲನನ್ನು ಏಳು ಸಲವೂ ಕಾಯಿನನ ತಮ್ಮ ಎನ್ನುತ್ತದೆ; ಕಾಯಿನನನ್ನು ಹೇಬೆಲನ ಅಣ್ಣ ಎಂದು ಒಂದು ಸಲವೂ ಹೇಳುವುದಿಲ್ಲ. ಸಂಬಂಧದ ಹಗ್ಗದ ಒಂದು ತುದಿಯನ್ನು ಮಾತ್ರ ಕಥೆ ಹಿಡಿದಿದೆ. ಹೇಬೆಲನಂತೂ ಇಡೀ ಅಧ್ಯಾಯದಲ್ಲಿ ತುಟಿ ಬಿಚ್ಚುವುದಿಲ್ಲ. ಇಷ್ಟೆಲ್ಲ ಸಿಕ್ಕಿದ್ದು ಒಂದು ಸೀಸದ ಕಡ್ಡಿಯಿಂದ.

ಮೂರನೆಯ ಹೆಜ್ಜೆ: ಯಾವ ಬಗೆಯ ಮರುಮಾತು ಎಂದು ಗುರುತಿಸಿ

ಇಲ್ಲಿ ಹೆಚ್ಚು ಹೊತ್ತು ಕೂರಬೇಕು, ಯಾಕೆಂದರೆ ಇಲ್ಲಿ ಕನ್ನಡಿಗರಿಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿ ಓದಿದ್ದೇವೆ. ಅದಕ್ಕೂ ಮೊದಲು ತಾಯಿಯ ಬಾಯಿಂದ ಕೇಳಿದ್ದೇವೆ. ಒಂದು ಪದವನ್ನು ಎರಡು ಸಲ ಅಂದರೆ ಅದರ ಅರ್ಥ ಎರಡರಷ್ಟಾಗುವುದಿಲ್ಲ, ಬೇರೆಯೇ ಆಗುತ್ತದೆ ಎಂದು ನಮಗೆ ಯಾರೂ ಕಲಿಸಬೇಕಿಲ್ಲ.

‘ಮನೆ ಮನೆ ತಿರುಗಿದ’ ಎಂದರೆ ಒಂದನ್ನೂ ಬಿಡದೆ ಎಂದರ್ಥ, ಒತ್ತಿ ಹೇಳಿದ್ದಲ್ಲ. ಹೀಬ್ರುವಿನಲ್ಲಿ ‘ದಿನ ದಿನ’ ಎಂದರೆ ಪ್ರತಿದಿನ. ಮಾರ್ಕ 6:7ರಲ್ಲಿ ಯೇಸು ಶಿಷ್ಯರನ್ನು ಕಳುಹಿಸಿದ್ದು ಗ್ರೀಕ್ ಮೂಲದಲ್ಲಿ ‘ಇಬ್ಬರು ಇಬ್ಬರು’. ಅದೇ ಅಧ್ಯಾಯದ 39 ಮತ್ತು 40ರಲ್ಲಿ ಐದು ಸಾವಿರ ಜನ ಹಸಿರು ಹುಲ್ಲಿನ ಮೇಲೆ ಕೂತದ್ದು ‘ಪಂಕ್ತಿ ಪಂಕ್ತಿ’, ‘ಸಾಲು ಸಾಲು’. ಇದನ್ನು ತರಲು ಇಂಗ್ಲಿಷಿನವರು ಹೆಣಗಿದ್ದಾರೆ. ಕನ್ನಡದಲ್ಲಿ ಇದು ಊಟದ ಮನೆಯ ಮಾತು. ಇಂಥ ಕಡೆ ಗೂಢಾರ್ಥ ಹುಡುಕಬೇಡಿ. ಜನ ಅಚ್ಚುಕಟ್ಟಾಗಿ ಕೂತರು, ಅಷ್ಟೇ.

ಸಂಡೂರಿನ ಅದಿರು ಲಾರಿಗಳು ಓಡಾಡಿದ ರಸ್ತೆಯನ್ನು ನೋಡಿ ನಾವು ‘ಗುಂಡಿಯೋ ಗುಂಡಿ’ ಎನ್ನುತ್ತೇವೆ. ಆದಿಕಾಂಡ 14:10ರಲ್ಲಿ ಸಿದ್ದೀಮ್ ತಗ್ಗಿನ ವರ್ಣನೆ ಹೀಬ್ರುವಿನಲ್ಲಿ ಅಕ್ಷರಶಃ ಅದೇ: ‘ಗುಂಡಿ ಗುಂಡಿ ಕಲ್ಲರಗು’. ಸೊದೋಮ್ ಗೊಮೋರದ ರಾಜರು ಓಡಿಹೋಗುವಾಗ ಬಿದ್ದದ್ದು ಅದರಲ್ಲಿ. ಈ ಬಗೆ ತುಂಬಿ ತುಳುಕುವುದನ್ನು ಹೇಳುತ್ತದೆ.

ಮೂರನೆಯದು ಕ್ರಿಯಾಪದದ ಜೋಡಿ. ‘ಬರುತ್ತಾನೆ’ ಬೇರೆ, ‘ಬಂದೇ ಬರುತ್ತಾನೆ’ ಬೇರೆ. ಹೀಬ್ರುವಿನಲ್ಲೂ ಕ್ರಿಯೆಯನ್ನು ಹೀಗೆ ಮಡಿಚಿ ಹೇಳುವ ಪದ್ಧತಿಯಿದೆ. ಆದಿಕಾಂಡ 2:17ರಲ್ಲಿ ಮರದ ಹಣ್ಣಿನ ವಿಷಯಕ್ಕೆ ದೇವರು ಹೇಳುವುದು ‘ಸತ್ತೇ ಸಾಯುವಿ’ ಎಂಬ ಅಚ್ಚಿನಲ್ಲಿದೆ. 3:4ರಲ್ಲಿ ಸರ್ಪ ಅದೇ ಜೋಡಿಯನ್ನು ಎತ್ತಿಕೊಂಡು ಅದರ ಮುಂದೆ ‘ಇಲ್ಲ’ ಹಚ್ಚುತ್ತದೆ. ವಿಮೋಚನಕಾಂಡ 3:7ರಲ್ಲಿ ಐಗುಪ್ತದ ಗುಲಾಮರ ಕಷ್ಟವನ್ನು ದೇವರು ‘ನೋಡಿಯೇ ನೋಡಿದ್ದೇನೆ’ ಎನ್ನುತ್ತಾನೆ. ನಿಮ್ಮ ಕೈಯಲ್ಲಿರುವ ಅನುವಾದದಲ್ಲಿ ‘ನಿಶ್ಚಯವಾಗಿ’ ಎಂದಿದ್ದರೆ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಈ ರೂಪವನ್ನು ಬರೆದುಕೊಳ್ಳಿ. ‘ನಿಶ್ಚಯವಾಗಿ’ ಕಚೇರಿಯ ಮಾತು. ‘ನೋಡಿಯೇ ನೋಡಿದ್ದೇನೆ’ ಎದೆಯ ಮೇಲೆ ಕೈಯಿಟ್ಟು ಹೇಳುವ ಮಾತು.

ಇನ್ನು ಹೆಸರು ಹಿಡಿದು ಎರಡು ಸಲ ಕೂಗುವುದು. ಅಬ್ರಹಾಮನೇ ಅಬ್ರಹಾಮನೇ, ಯಾಕೋಬನೇ ಯಾಕೋಬನೇ, ಮೋಶೆಯೇ ಮೋಶೆಯೇ, ಸಮುವೇಲನೇ ಸಮುವೇಲನೇ. ಹೊಸ ಒಡಂಬಡಿಕೆಯಲ್ಲಿ ಮಾರ್ಥಳೇ ಮಾರ್ಥಳೇ, ಸೀಮೋನನೇ ಸೀಮೋನನೇ, ಸೌಲನೇ ಸೌಲನೇ. ಒಂದು ಸಲ ಕರೆದರೆ ಕೆಲಸಕ್ಕೆ ಕರೆದಂತೆ. ಎರಡು ಸಲ ಕರೆದರೆ ಕರುಳು ಮಿಡಿದಂತೆ, ಇಲ್ಲವೇ ಕೈಮೀರುವ ಮುನ್ನ ತಡೆದಂತೆ. ರಸ್ತೆ ದಾಟಲು ಓಡುವ ಮಗುವನ್ನು ಯಾವ ತಾಯಿಯೂ ಒಂದೇ ಸಲ ಕೂಗಿ ಸುಮ್ಮನಾಗುವುದಿಲ್ಲ. ಯೇಸು ಮಾರ್ಥಳಿಗೆ ಹೇಳಿದ್ದು ಗದರಿಕೆಯೋ ಮಮತೆಯೋ ಎಂದು ಯಾರಾದರೂ ಕೇಳಿದರೆ ಆ ಎರಡನೆಯ ‘ಮಾರ್ಥಳೇ’ಯನ್ನು ತೋರಿಸಿ. ಮಗ ಅಬ್ಷಾಲೋಮ ಸತ್ತಾಗ ದಾವೀದನು 2 ಸಮುವೇಲ 18:33ರಲ್ಲಿ ಐದು ಸಲ ‘ನನ್ನ ಮಗನೇ’ ಎನ್ನುತ್ತಾನೆ. ಅದಕ್ಕೆ ವಿವರಣೆಯ ಅಗತ್ಯವಿಲ್ಲ. ಸಾವಿನ ಮನೆಗೆ ಹೋಗಿಬಂದವರಿಗೆ ಅದು ಗೊತ್ತು.

ಯೆಶಾಯ 6:3ರ ‘ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು’ ಹೀಬ್ರುವಿನ ತರತಮದ ರೀತಿ. ‘ಅತ್ಯಂತ’ ಎನ್ನುವುದಕ್ಕೆ ಆ ಭಾಷೆಯಲ್ಲಿ ಪ್ರತ್ಯಯವಿಲ್ಲ, ಪದವನ್ನೇ ಪೇರಿಸಬೇಕು. ಸಭೆ ಇದರಲ್ಲಿ ಮುಂದೆ ತ್ರಿಯೇಕತ್ವವನ್ನು ಕಂಡಿತು, ಕಾಣಲಿ. ಆದರೆ ಯೆಶಾಯನ ಕಿವಿಗೆ ಮೊದಲು ಬಿದ್ದದ್ದು ‘ಇದಕ್ಕಿಂತ ಮೇಲೆ ಇಲ್ಲ’ ಎಂಬ ಅರ್ಥ. ಅದನ್ನು ದಾಟಿ ಓಡಬೇಡಿ. ಇದರ ಅಣ್ಣತಮ್ಮಂದಿರೇ ‘ರಾಜಾಧಿರಾಜ’ದಂಥ ಮಾತುಗಳು. ನಾವು ‘ಪರಮಗೀತ’ ಎನ್ನುವ ಪುಸ್ತಕದ ಹೆಸರು ಮೂಲದಲ್ಲಿ ‘ಗೀತಗಳ ಗೀತ’.

ಪಲ್ಲವಿಯದು ಬೇರೆ ಜಾತಿ. ರಾಯಚೂರು ಸೀಮೆಯ ದಾಸರ ಪದಗಳನ್ನೋ ಊರಿನ ಭಜನೆಯನ್ನೋ ಕೇಳಿ ಬೆಳೆದವರಿಗೆ ಕೀರ್ತನೆ 136 ಹೊಸದಲ್ಲ: 26 ವಚನ, 26 ಸಲವೂ ದೇವರ ಕೃಪೆ ಶಾಶ್ವತ ಎಂಬ ಅದೇ ಸಾಲು. ಒಬ್ಬರು ಮೊದಲರ್ಧ ಓದಿ, ಉಳಿದವರು ಹಿಮ್ಮೇಳದವರಂತೆ ಎರಡನೆಯದನ್ನು ಹೇಳಿ ನೋಡಿ. ಪಲ್ಲವಿ ಬದಲಾಗುವುದಿಲ್ಲ, ಅದು ಯಾವ ಸಾಲಿನ ಹಿಂದೆ ಬಂದು ಕೂರುತ್ತದೆ ಎಂಬುದು ಬದಲಾಗುತ್ತದೆ. 10ನೆಯ ವಚನದಲ್ಲಿ ಐಗುಪ್ತದ ಚೊಚ್ಚಲ ಮಕ್ಕಳು ಸಾಯುತ್ತಾರೆ, ‘ಕೃಪೆ ಶಾಶ್ವತ’. 25ರಲ್ಲಿ ಎಲ್ಲ ಜೀವಿಗಳಿಗೂ ಅನ್ನ, ‘ಕೃಪೆ ಶಾಶ್ವತ’. ಹತ್ತನೆಯದರಲ್ಲಿ ನಮ್ಮ ಗುಂಪಿನ ಧ್ವನಿ ಇಳಿಯಿತು. ಇಳಿಯಲೇಬೇಕು.

ಪಲ್ಲವಿ ಕೆಲವೊಮ್ಮೆ ಪತ್ತೇದಾರನೂ ಹೌದು. ‘ನನ್ನ ಮನವೇ, ನೀನು ಕುಗ್ಗಿರುವುದೇಕೆ?’ ಎಂಬ ಸಾಲು ಕೀರ್ತನೆ 42ರ 5 ಮತ್ತು 11ರಲ್ಲಿ ಬರುತ್ತದೆ, ಆಮೇಲೆ 43ರ 5ರಲ್ಲೂ ಬರುತ್ತದೆ. ಎರಡು ಕೀರ್ತನೆಗಳೂ ಒಂದು ಕಾಲಕ್ಕೆ ಒಂದೇ ಹಾಡಾಗಿದ್ದವು ಎನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ.

ಕೀರ್ತನೆಗಳಲ್ಲೂ ಪ್ರವಾದಿಗಳಲ್ಲೂ ಒಂದೇ ಸಂಗತಿಯನ್ನು ಬೇರೆ ಪದಗಳಲ್ಲಿ ಎರಡು ಸಲ ಹೇಳುವುದು ತೀರಾ ಸಾಮಾನ್ಯ. ಕೀರ್ತನೆ 19ರ ಮೊದಲ ವಚನದಲ್ಲಿ ಆಕಾಶ ಒಂದು, ಗಗನ ಇನ್ನೊಂದು ಎಂದು ಎರಡು ಲೋಕ ಕಟ್ಟಬೇಡಿ. ನಮ್ಮ ‘ಹಣ್ಣುಹಂಪಲು’ ಇದ್ದ ಹಾಗೆ ಅದು.

ನಾಲ್ಕನೆಯ ಹೆಜ್ಜೆ: ಮರುಮಾತು ಮೂಲದ್ದೋ ಅನುವಾದಕರದ್ದೋ ನೋಡಿ

ಇಲ್ಲಿ ಎರಡನೆಯ ಅನುವಾದ ಕೆಲಸಕ್ಕೆ ಬರುತ್ತದೆ. ಯೋಹಾನನ ಸುವಾರ್ತೆಯಲ್ಲಿ ಯೇಸು 25 ಸಲ ‘ಆಮೆನ್ ಆಮೆನ್’ ಎಂದು ಮಾತು ಶುರುಮಾಡುತ್ತಾನೆ. ಉಳಿದ ಮೂರು ಸುವಾರ್ತೆಗಳಲ್ಲಿ ‘ಆಮೆನ್’ ಒಂಟಿ. ನಮ್ಮ ಹಳೆಯ ಸತ್ಯವೇದ ಇದನ್ನು ‘ನಿಜನಿಜವಾಗಿ ಹೇಳುತ್ತೇನೆ’ ಎಂದು ಜೋಡಿಯಾಗಿಯೇ ಉಳಿಸಿಕೊಂಡಿದೆ. ಒಂದು ದಿನ ತೆಲುಗಿನ ಅಕ್ಕ ಯೋಹಾನ 3:3 ಓದಿದರೆ ‘ನಿಶ್ಚಯಮುಗಾ’ ಒಂದೇ ಸಲ ಕೇಳಿಸಿತು. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟದ್ದರಿಂದ ಗೊತ್ತಾಯಿತೇ ಹೊರತು ಇಲ್ಲದಿದ್ದರೆ ಅವರ ಪಾಲಿಗೆ ಯೋಹಾನನ ಆ ದನಿ ಇರುತ್ತಲೇ ಇರಲಿಲ್ಲ.

ಮಾರ್ಕನದು ತದ್ವಿರುದ್ಧ ಕಥೆ. ಗ್ರೀಕಿನಲ್ಲಿ ‘ಕೂಡಲೇ’ ಎಂಬ ಒಂದೇ ಪದ ಅವನಲ್ಲಿ ಸುಮಾರು 40 ಸಲ ಇದೆ. ಅದರಲ್ಲಿ ಕಾಲುಭಾಗ ಮೊದಲ ಅಧ್ಯಾಯದಲ್ಲೇ. ಅನುವಾದಕರಿಗೆ ಇದು ಬೇಸರ ತರಿಸಿ ಒಂದು ಕಡೆ ‘ಕೂಡಲೇ’, ಇನ್ನೊಂದು ಕಡೆ ‘ತಕ್ಷಣ’, ಮತ್ತೊಂದು ಕಡೆ ‘ಆಗಲೇ’ ಎಂದು ಬದಲಿಸುತ್ತಾರೆ, ಕೆಲವೆಡೆ ಬಿಟ್ಟೇಬಿಡುತ್ತಾರೆ. ಓದಲು ಚೆಂದ, ಆದರೆ ಮಾರ್ಕನ ಏದುಸಿರು ಹೋಯಿತು. ಹಾಗಾಗಿ ಒಂದೇ ಅರ್ಥದ ಪದಗಳು ಒತ್ತೊತ್ತಾಗಿ ಬಂದರೆ ಮೂಲದಲ್ಲಿ ಅವೆಲ್ಲ ಒಂದೇ ಪದವೋ ಎಂದು ಅನುಮಾನಿಸಿ. ಮೂಲಪದವನ್ನು ತೋರಿಸುವ ಆ್ಯಪ್ ತೆರೆಯುವ ಹೊತ್ತು ಇದೇ.

ನಮ್ಮ ‘ತಮ್ಮ’ನಿಗೂ ಈ ಪರೀಕ್ಷೆ ಆಗಬೇಕು. ಹೀಬ್ರುವಿನ ಪದಕ್ಕೆ ಅಣ್ಣ, ತಮ್ಮ ಎಂಬ ಭೇದವಿಲ್ಲ, ಒಡಹುಟ್ಟಿದವನು ಎಂದಷ್ಟೇ. ಕನ್ನಡ ಹಿರಿಕಿರಿತನ ಹೇಳದೆ ಬಿಡುವುದಿಲ್ಲ. ಹೀಗಾಗಿ ನಮಗೆ ಕಾಯಿನನ ಪಾಪದ ಜೊತೆಗೆ ದೊಡ್ಡವನ ಹೊಣೆಯೂ ಕೇಳಿಸುತ್ತದೆ. ಅದು ತಪ್ಪಲ್ಲ, ಕಾಯಿನ ಮೊದಲು ಹುಟ್ಟಿದವನೇ. ಆದರೆ ಆ ಒತ್ತು ನಮ್ಮ ಭಾಷೆ ಕೊಟ್ಟದ್ದು ಎಂದು ತಿಳಿದಿರಬೇಕು.

ಐದನೆಯ ಹೆಜ್ಜೆ: ಹೇಳುವವರು ಯಾರು?

ಯೆಶಾಯ 26:3ರಲ್ಲಿ ದೇವರನ್ನು ನಂಬಿದವನಿಗೆ ಪೂರ್ಣ ಶಾಂತಿ ಎಂಬರ್ಥದ ಮಾತಿದೆ. ಹೀಬ್ರುವಿನಲ್ಲಿ ಅದು ‘ಶಾಲೋಮ್ ಶಾಲೋಮ್’. ಯೆರೆಮೀಯ 6:14ರಲ್ಲಿ ಸುಳ್ಳು ಪ್ರವಾದಿಗಳು ಜನರ ಗಾಯಕ್ಕೆ ಬರೀ ಮೇಲೆ ಮೇಲೆ ಪಟ್ಟಿ ಕಟ್ಟಿ ‘ಸಮಾಧಾನ, ಸಮಾಧಾನ’ ಎನ್ನುತ್ತಾರೆ. ಅದೂ ‘ಶಾಲೋಮ್ ಶಾಲೋಮ್’. ಅದೇ ಎರಡು ಪದ, ಅದೇ ಜೋಡಣೆ. ಒಂದು ಕಡೆ ವಾಗ್ದಾನ, ಇನ್ನೊಂದು ಕಡೆ ವಂಚನೆ. ಬಾಯಿ ಯಾರದು ಎಂದು ನೋಡದೆ ಪದದ ಅರ್ಥ ಹೇಳಲಾಗದು.

ಯೆರೆಮೀಯ 7:4ರಲ್ಲಿ ಜನ ‘ಯೆಹೋವನ ಆಲಯ’ ಎಂದು ಮೂರು ಸಲ ಜಪಿಸುತ್ತಾರೆ, ತಾಯತ ಮುಟ್ಟಿ ನೋಡಿಕೊಳ್ಳುವವರ ಹಾಗೆ. ಮತ್ತಾಯ 7:21ರ ‘ಸ್ವಾಮೀ, ಸ್ವಾಮೀ’ಯೂ ಅದೇ ದಾರಿಯದು. ಹಾಗಾದರೆ ಪ್ರಾರ್ಥನೆಯಲ್ಲಿ ಹೇಳಿದ್ದನ್ನೇ ಹೇಳುವುದು ತಪ್ಪೇ? ಈ ಪ್ರಶ್ನೆ ಪ್ರತಿ ಗುಂಪಿನಲ್ಲೂ ಏಳುತ್ತದೆ. ಮತ್ತಾಯ 6:7ರಲ್ಲಿ ಬರಿದೇ ಮಾತು ಬೆಳೆಸಬೇಡಿ ಎಂದ ಯೇಸುವೇ 26:44ರಲ್ಲಿ, ಸೆರೆಯಾಗುವ ಮುನ್ನ ಗೆತ್ಸೇಮನೆಯ ರಾತ್ರಿ, ಮೂರನೆಯ ಸಲ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ ಎಂದು ಮತ್ತಾಯನೇ ಬರೆಯುತ್ತಾನೆ. ಎರಡೂ ವಚನಗಳನ್ನು ಒಟ್ಟಿಗೆ ಓದಿಸಿ, ಮುಂದಿನದನ್ನು ಗುಂಪಿಗೆ ಬಿಡಿ.

ಆರನೆಯ ಹೆಜ್ಜೆ: ಹೊಲಿಗೆ ಬಿಟ್ಟ ಜಾಗ ಹುಡುಕಿ

ನನ್ನ ಪ್ರಕಾರ ಇದೇ ಮುಖ್ಯ. ನೇರ ಹೊಲಿಗೆಯನ್ನು ಚೆಕಿಂಗ್ ಹುಡುಗ ನೋಡುವುದೇ ಇಲ್ಲ. ಅದು ತಪ್ಪಿದ ಕಡೆ ಅವನ ಬೆರಳು ನಿಲ್ಲುತ್ತದೆ. ಒಂದು ಸಾಲು ಮತ್ತೆ ಮತ್ತೆ ಬರುವುದು ಕಿವಿಗೆ ಅಭ್ಯಾಸ ಹಿಡಿಸಲಿಕ್ಕೆ. ಅಭ್ಯಾಸ ಹಿಡಿದ ಮೇಲೆ ಅದನ್ನು ತಪ್ಪಿಸಿದರೆ ಕೇಳುವವನು ಬೆಚ್ಚುತ್ತಾನೆ.

ಆದಿಕಾಂಡ 1ರಲ್ಲಿ ‘ಒಳ್ಳೆಯದೆಂದು ನೋಡಿದನು’ ಎಂಬ ಮಾತು ದಿನದಿನವೂ ಬರುತ್ತದೆ ಎಂದು ನಾವು ಭಾವಿಸಿದ್ದೇವೆ. ಸುತ್ತು ಹಾಕಿ ನೋಡಿ: ಎರಡನೆಯ ದಿನದಲ್ಲಿ ಅದಿಲ್ಲ, ಮೂರನೆಯ ದಿನದಲ್ಲಿ ಎರಡು ಸಲ ಇದೆ. ನೀರನ್ನು ಬೇರ್ಪಡಿಸುವ ಕೆಲಸ ಎರಡನೆಯ ದಿನ ಶುರುವಾಗಿ ಮುಗಿದದ್ದು ಮೂರನೆಯ ದಿನ. ಅರ್ಧ ಕೆಲಸಕ್ಕೆ ಶಹಬಾಸ್‌ಗಿರಿ ಇಲ್ಲ ಎಂದು ಹಲವರು ವಿವರಿಸುತ್ತಾರೆ. ನನಗೂ ಅದು ಹಿಡಿಸುತ್ತದೆ. ‘ಸಾಯಂಕಾಲವೂ ಪ್ರಾತಃಕಾಲವೂ’ ಎಂಬ ಸಾಲು ಆರು ದಿನಕ್ಕೂ ಇದ್ದು ಏಳನೆಯದಕ್ಕೆ ಇಲ್ಲ. ಆ ದಿನದ ಬಾಗಿಲು ತೆರೆದೇ ಇದೆ.

1 ಸಮುವೇಲ 3ರಲ್ಲಿ, ರಾತ್ರಿ ದೇವರು ಕರೆದದ್ದನ್ನು ಏಲಿ ಕರೆದನೆಂದು ತಿಳಿದು ಓಡಿಬಂದ ಬಾಲಕ ಸಮುವೇಲನಿಗೆ ಯಾಜಕ ಏಲಿ ಮಾತು ಕಲಿಸಿ ಕಳುಹಿಸುತ್ತಾನೆ: ‘ಯೆಹೋವನೇ, ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ’. ಮರುವಚನದಲ್ಲಿ ಸಮುವೇಲ ಹೇಳುವಾಗ ‘ಯೆಹೋವನೇ’ ಬಿಟ್ಟುಹೋಗಿದೆ. ಹೆದರಿಕೆಯೋ, ಕತ್ತಲೆಯಲ್ಲಿ ಮಾತಾಡುವವನು ಯಾರೆಂಬ ಅಳುಕೋ? 7ನೆಯ ವಚನ ಅವನಿಗೆ ಇನ್ನೂ ಯೆಹೋವನ ಪರಿಚಯವಿರಲಿಲ್ಲ ಎನ್ನುತ್ತದೆ. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಬಾಯಿಪಾಠ ಮರೆತು ನಿಂತ ಮಗು ನನಗೆ ಅಲ್ಲಿ ಕಾಣುತ್ತದೆ.

ದೊಡ್ಡ ಹೊಲಿಗೆಗೆ ಪ್ರವಾದಿ ಆಮೋಸನ ಪುಸ್ತಕದ ಮೊದಲೆರಡು ಅಧ್ಯಾಯ ನೋಡಿ. ‘ಮೂರು, ಹೌದು ನಾಲ್ಕು ದ್ರೋಹಗಳು’ ಎಂಬ ಸಾಲು ಎಂಟು ಸಲ. ದಮಸ್ಕ, ಗಾಜಾ, ತೂರ್, ಆಮೇಲೆ ರಕ್ತಸಂಬಂಧಿಗಳಾದ ಎದೋಮ್, ಅಮ್ಮೋನ್, ಮೋವಾಬ್, ಆಮೇಲೆ ಯೆಹೂದ. ಆಮೋಸ ದಕ್ಷಿಣದ ತೆಕೋವದವನು, ಮಾತಾಡುತ್ತಿರುವುದು ಉತ್ತರದ ಇಸ್ರಾಯೇಲಿನಲ್ಲಿ. ಬಳ್ಳಾರಿಯ ವೃತ್ತದಲ್ಲಿ ನಿಂತವನೊಬ್ಬ ಕರ್ನೂಲಿನವರನ್ನು, ಅನಂತಪುರದವರನ್ನು, ರಾಯಚೂರು ಕೊಪ್ಪಳದವರನ್ನು, ಕಡೆಗೆ ಹೊಸಪೇಟೆಯವರನ್ನು ಒಂದೇ ರಾಗದಲ್ಲಿ ಜಾಡಿಸಿದರೆ ಪ್ರತಿ ಸಲವೂ ಚಪ್ಪಾಳೆ ಜೋರಾಗುತ್ತದೆ. ಎಂಟನೆಯ ಸಲ ಅದೇ ರಾಗದಲ್ಲಿ ಬಳ್ಳಾರಿಯ ಹೆಸರು ಬಂದರೆ?

ಈ ಬಲೆ ಹಲವರಿಗೆ ಗೊತ್ತು. ಹುಡುಗ ಕಂಡದ್ದು ಇನ್ನೊಂದು. ಮೊದಲ ಏಳಕ್ಕೂ ಶಿಕ್ಷೆ ಒಂದೇ: ಬೆಂಕಿ. ಏಳು ಸಲ ಬೆಂಕಿ ಬಂದು, ಎಂಟನೆಯದಾದ ಇಸ್ರಾಯೇಲಿಗೆ ಬೆಂಕಿಯಿಲ್ಲ. ಅದರ ಬದಲು ತಪ್ಪುಗಳ ಉದ್ದನೆಯ ಪಟ್ಟಿ, ಬಡವನನ್ನು ಒಂದು ಜೊತೆ ಕೆರಗಳಿಗೆ ಮಾರಿದ್ದು ಸೇರಿ. ಪರಊರಿನವರ ತಪ್ಪು ಒಂದೆರಡು ಸಾಲಿನಲ್ಲಿ ಮುಗಿದಿತ್ತು.

ದೂರದೂರದಲ್ಲಿ ಬರುವ ಮರುಮಾತೂ ಇದೆ. ‘ಇದ್ದಲಿನ ಬೆಂಕಿ’ ಎಂಬರ್ಥದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ: ಯೋಹಾನ 18:18ರಲ್ಲಿ ಯೇಸುವಿನ ಶಿಷ್ಯ ಪೇತ್ರ ಚಳಿ ಕಾಯಿಸುತ್ತ ‘ನಾನಲ್ಲ’ ಎಂದ ಅಂಗಳದಲ್ಲಿ, ಮತ್ತು 21:9ರಲ್ಲಿ ಯೇಸು ಮೀನು ಸುಡುತ್ತಿದ್ದ ಸಮುದ್ರದ ದಡದಲ್ಲಿ. ಯೇಸುವನ್ನು ಮೂರು ಸಲ ಅಲ್ಲಗಳೆದವನಿಗೆ ಅದೇ ಹೊಗೆಯ ವಾಸನೆಯಲ್ಲಿ ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯೋ?’ ಎಂಬ ಪ್ರಶ್ನೆ. ಅಲ್ಲಿ ಪ್ರೀತಿಗೆ ಗ್ರೀಕಿನಲ್ಲಿ ಎರಡು ಪದ ಬಳಸಿದ್ದಾರೆ ಎಂದು ಅದರ ಮೇಲೆ ಪ್ರಸಂಗಗಳ ಮಹಲನ್ನೇ ಕಟ್ಟಿದ್ದಾರೆ. ಅದೇ ಸಾಲುಗಳಲ್ಲಿ ಯೋಹಾನ ಕುರಿಗೂ ಎರಡು ಪದ, ಮೇಯಿಸುವುದಕ್ಕೂ ಎರಡು ಪದ ಬಳಸುತ್ತಾನೆ. ಪದ ಬದಲಿಸುವುದು ಅವನ ಶೈಲಿ. ಎಲ್ಲ ಬದಲಾವಣೆಯೂ ಬಿಟ್ಟ ಹೊಲಿಗೆಯಲ್ಲ.

ಏಳನೆಯ ಹೆಜ್ಜೆ: ಸಂಖ್ಯೆಯನ್ನು ಕಡೆಗೆ, ಅನುಮಾನದಿಂದ ಮುಟ್ಟಿ

‘ಭಯಪಡಬೇಡ’ ಎಂಬ ಮಾತು ಸತ್ಯವೇದದಲ್ಲಿ 365 ಸಲ, ದಿನಕ್ಕೊಂದರಂತೆ ಇದೆ ಎಂಬ ಸಂದೇಶ ವರ್ಷಕ್ಕೊಮ್ಮೆಯಾದರೂ ನಮ್ಮ ವಾಟ್ಸಾಪ್ ಗುಂಪಿಗೆ ಬರುತ್ತದೆ. ಎಣಿಸಿ ನೋಡಿ, ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅಧ್ಯಾಯ, ವಚನಗಳ ಸಂಖ್ಯೆಯ ಮೇಲೆ ಗುಟ್ಟು ಕಟ್ಟುವುದಂತೂ ಬೇಡವೇ ಬೇಡ. ಅಧ್ಯಾಯಗಳ ಈಗಿನ ವಿಂಗಡಣೆ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಸಂಖ್ಯೆ ಹಾಕಿದ್ದು ರೊಬೇರ್ ಎತಿಯೆನ್ ಎಂಬ ಮುದ್ರಕ, 1551ರಲ್ಲಿ. ಬರಹಗಾರ ಬೇಕೆಂದೇ ಎಣಿಸಿ ಕಟ್ಟಿದ್ದು ಇಲ್ಲವೆಂದಲ್ಲ: ಕೀರ್ತನೆ 29ರಲ್ಲಿ ‘ಯೆಹೋವನ ಧ್ವನಿ’ ಗುಡುಗಿನಂತೆ ಏಳು ಸಲ ಮೊಳಗುತ್ತದೆ. ಅಲ್ಲಿಯೂ ಗುಡುಗನ್ನು ಕೇಳಿ, ಆಮೇಲೆ ಏಳನ್ನು ಎಣಿಸಿ.

ಬಸ್ ನಿಲ್ದಾಣದಲ್ಲಿ ‘ಸಿರುಗುಪ್ಪ ಸಿರುಗುಪ್ಪ ಸಿರುಗುಪ್ಪ’ ಎಂದು ಕೂಗುವುದರಲ್ಲಿ ರಹಸ್ಯವೇನೂ ಇಲ್ಲ. ಬಸ್ಸು ಸಿರುಗುಪ್ಪಕ್ಕೆ ಹೋಗುತ್ತದೆ. ಸತ್ಯವೇದದಲ್ಲೂ ಅಂಥ ಮರುಮಾತು ಬೇಕಾದಷ್ಟಿದೆ.

ಎಲ್ಲವನ್ನೂ ಒಂದು ಕಡೆ ಬಳಸಿ: ಆದಿಕಾಂಡ 22

ಮೊದಲ ಸಲ ಮಾಡುವವರು ಈ ಅಧ್ಯಾಯದಿಂದ ತೊಡಗಿ. ಮಗ ಇಸಾಕನನ್ನು ಬಲಿಕೊಡು ಎಂದು ದೇವರು ಅಬ್ರಹಾಮನನ್ನು ಪರೀಕ್ಷಿಸುವ ಕಥೆ ಇದು. ಮೊದಲ 19 ವಚನ ಗಟ್ಟಿಯಾಗಿ ಓದಲು ಐದು ನಿಮಿಷ ಸಾಕು.

ಮೊದಲು ಕರೆಗಳಿಗೆ ಸುತ್ತು ಹಾಕಿ. 1ನೆಯ ವಚನದಲ್ಲಿ ದೇವರು ‘ಅಬ್ರಹಾಮನೇ’ ಎಂದು ಒಮ್ಮೆ ಕರೆಯುತ್ತಾನೆ. 7ರಲ್ಲಿ ಇಸಾಕ ‘ಅಪ್ಪಾ’ ಎನ್ನುತ್ತಾನೆ. 11ರಲ್ಲಿ ಆಕಾಶದಿಂದ ‘ಅಬ್ರಹಾಮನೇ, ಅಬ್ರಹಾಮನೇ’. ಮೂರಕ್ಕೂ ಅವನ ಉತ್ತರ ಒಂದೇ, ‘ಇಗೋ, ಇದ್ದೇನೆ’. ಕೊಲ್ಲು ಎಂದ ದೇವರಿಗೂ, ಕುರಿಮರಿ ಎಲ್ಲಿ ಎಂದು ಕೇಳಲಿರುವ ಮಗನಿಗೂ, ಕೈ ತಡೆದ ದೂತನಿಗೂ ಅದೇ ಮಾತು. ಹೆಸರು ಜೋಡಿಯಾದದ್ದು ಕತ್ತಿ ಎತ್ತಿದ ಮೇಲೆ.

ಇನ್ನು ‘ಜೊತೆಯಾಗಿ’. 6ನೆಯ ವಚನ: ತಂದೆಯ ಕೈಯಲ್ಲಿ ಬೆಂಕಿ ಮತ್ತು ಕತ್ತಿ, ಮಗನ ಹೆಗಲ ಮೇಲೆ ಕಟ್ಟಿಗೆ, ಇಬ್ಬರೂ ಜೊತೆಯಾಗಿ ಹೋದರು. ಆಮೇಲೆ ಮಗ ಪ್ರಶ್ನೆ ಕೇಳುತ್ತಾನೆ, ತಂದೆ ಉತ್ತರಿಸುತ್ತಾನೆ. 8ನೆಯ ವಚನ: ಇಬ್ಬರೂ ಜೊತೆಯಾಗಿ ಹೋದರು. ಅಕ್ಷರ ಬದಲಾಗಿಲ್ಲ, ಆದರೆ ನಡುವೆ ಆ ಪ್ರಶ್ನೆ ಬಂದುಹೋಗಿದೆ. ಮಗನಿಗೆ ಈಗ ಎಷ್ಟು ಗೊತ್ತು? ಎರಡನೆಯ ‘ಜೊತೆಯಾಗಿ’ಯನ್ನು ಓದುವಾಗ ದನಿ ಮೊದಲಿನದರಂತೆ ಇರಲಾರದು.

ಆ ಪದ ಮೂರನೆಯ ಸಲ ಬರುವುದು 19ರಲ್ಲಿ. ಅಬ್ರಹಾಮ ಸೇವಕರ ಬಳಿಗೆ ಹಿಂತಿರುಗಿದ. ಅವರು ಎದ್ದು ಜೊತೆಯಾಗಿ ಬೇರ್ಷೆಬಕ್ಕೆ ಹೋದರು. ಇಸಾಕನ ಹೆಸರಿಲ್ಲ. ಅವನು ಇದ್ದನೇ, ಇರಲಿಲ್ಲವೇ, ಹಿಂದೆ ಉಳಿದನೇ, ಬೇರೆ ದಾರಿ ಹಿಡಿದನೇ, ಒಂದನ್ನೂ ಹೇಳುವುದಿಲ್ಲ. ಹುಡುಗನ ನೋಟುಪುಸ್ತಕದಲ್ಲಿ ಆ ಪುಟ ಹೀಗಿದೆ: ‘6 ಇಬ್ಬರು. 8 ಇಬ್ಬರು. 19 ಯಾರು?’ ಅದರ ಕೆಳಗೆ ಏನನ್ನೂ ಬರೆದಿಲ್ಲ.

ಮುಂದಿನ ಗುರುವಾರಕ್ಕೆ ನಾವು ಇಟ್ಟುಕೊಂಡಿರುವುದು ನ್ಯಾಯಸ್ಥಾಪಕರು 17ರಿಂದ 21. ‘ಆ ಕಾಲದಲ್ಲಿ ಇಸ್ರಾಯೇಲಿನಲ್ಲಿ ಅರಸನಿರಲಿಲ್ಲ’ ಎಂಬ ಸಾಲು ಅಲ್ಲಿ 17:6, 18:1, 19:1, 21:25ರಲ್ಲಿದೆ. ‘ಪ್ರತಿಯೊಬ್ಬನೂ ತನಗೆ ಸರಿತೋರಿದಂತೆ ನಡೆದನು’ ಎಂಬ ಬಾಲ ಮೊದಲನೆಯದಕ್ಕೂ ಕೊನೆಯದಕ್ಕೂ ಮಾತ್ರ ಇದೆ. ನಡುವಿನ ಎರಡಕ್ಕೆ ಅದು ಯಾಕಿಲ್ಲ ಎಂದು ನೀವೂ ಸೀಸದ ಕಡ್ಡಿ ಹಿಡಿದು ನೋಡಿ. 19ನೆಯ ಅಧ್ಯಾಯ ಕ್ರೂರವಾದದ್ದು. ಮಕ್ಕಳನ್ನು ಕೆಳಗೆ ಆಡಲು ಕಳುಹಿಸಿ ಓದಿ.